ಐದನೆಯ ಮೊನೆ

ಪಿಸ್ತೂಲಿನ ಖಾಲಿ ತೋಟಾದ ಒಳಮೈಯನ್ನು ತಾನು ಮೂರನೆಯ ಸಲ ಉಜ್ಜುತ್ತಿದ್ದೇನೆ ಎಂಬುದು ಎಲ್ಡನ್‌ಗೆ ಗೊತ್ತಾದದ್ದು ಹೆಂಡತಿ ಲವೋನ್ ಶೆಡ್ಡಿನ ಬಾಗಿಲಲ್ಲಿ ನಿಂತು ನಕ್ಕಾಗಲೇ. 'ಅದಕ್ಕೇನು ಮದುವೆ ಮಾಡಿಸ್ತೀಯಾ? ಕಪ್ಪೆ ಚುಚ್ಚೋ ಮೊನೆಗೆ ಇಷ್ಟೊಂದು ಶೃಂಗಾರ ನಾ ಎಲ್ಲೂ ಕಂಡಿಲ್ಲಪ್ಪ,' ಎಂದಳು. ಅವನು ತಲೆ ಎತ್ತಲಿಲ್ಲ. ಎತ್ತಿದರೆ ಮುಖ ಕಾಣುತ್ತದೆ, ಮುಖ ಕಂಡರೆ ಇವಳು ಏನಾಯಿತು ಎಂದು ಕೇಳುತ್ತಾಳೆ, ಕೇಳಿದರೆ ಏನೂ ಇಲ್ಲ ಎನ್ನಬೇಕು. ಒಂದು ವರ್ಷದಿಂದ ಆ ಮಾತನ್ನು ಎಷ್ಟು ಸಲ ಹೇಳಿದ್ದಾನೆಂದರೆ ಈಗ ಅದು ಕೇಳುವ ಮುಂಚೆಯೇ ಬಾಯಿಗೆ ಬರುತ್ತಿತ್ತು. 'ಏನೂ ಇಲ್ಲ. ಒಳಗೆ ಮಸಿ ಇತ್ತು,' ಎಂದ. ಮಸಿ ಇರಲಿಲ್ಲ. ಹಿತ್ತಾಳೆ ಹೊಸ ಉಂಗುರದ ಹಾಗೆ ಹೊಳೆಯುತ್ತಿತ್ತು. 'ಹೋಬರ್ಟ್ ಫೋನ್ ಮಾಡಿದ್ದ. ಈಗ ಬರ್ತಾನಂತೆ. ನೀನು ಮೊನೆ ಮಾಡೋದನ್ನ ಕೂತು ನೋಡ್ಬೇಕಂತೆ ಅವನಿಗೆ,' ಎಂದು ಹೇಳಿ ಅವಳು ಮನೆಯ ಕಡೆ ಹೋದಳು. ಎಲ್ಡನ್ ತೋಟಾವನ್ನು ಮೇಜಿನ ಮೇಲಿಟ್ಟ. ಏನು ಮಾಡಬೇಕೆಂದು ತಿಳಿಯಲಿಲ್ಲ. ಮತ್ತೆ ಎತ್ತಿಕೊಂಡು ನಾಲ್ಕನೆಯ ಸಲ ಉಜ್ಜತೊಡಗಿದ.

ಜೂನ್ ಮೂವತ್ತು. ಮಿಸ್ಸೌರಿಯ ಈ ಗುಡ್ಡಗಳ ನಡುವೆ ಈ ಒಂದು ದಿನ ಗಂಡಸರು ಯಾವ ಕೆಲಸಕ್ಕೂ ಬರುವುದಿಲ್ಲ. ಕಾಲು ಕರಿದು ತಿನ್ನುವ ಗೋಂಕರುಕಪ್ಪೆಯ ಬೇಟೆ ಇವತ್ತಿನ ಸೂರ್ಯ ಮುಳುಗಿದ ಗಳಿಗೆಯಿಂದ ಶುರು. ಅದಕ್ಕಿಂತ ಒಂದು ನಿಮಿಷ ಮುಂಚೆ ಬಾಣ ಬಿಟ್ಟರೂ ದಂಡ ಕಟ್ಟಬೇಕು. ಸೂರ್ಯನಿಗಾದರೋ ವರ್ಷದಲ್ಲಿ ಇದೇ ಹೊತ್ತಿಗೆ ಮುಳುಗುವ ಮನಸ್ಸಿರುವುದಿಲ್ಲ, ಎಂಟೂವರೆಯಾದರೂ ಹುಲ್ಲಿನ ಬಣವೆಗಳ ಮೇಲೆ ಕೂತೇ ಇರುತ್ತಾನೆ. ಬೆಳಗಿನಿಂದ ಕಾಯುವುದೇ ಕೆಲಸ. ಬೇರೆಯವರಿಗೆ ಆ ಕಾಯುವಿಕೆ ಹಬ್ಬದ ಹಾಗಿದ್ದರೆ ಎಲ್ಡನ್‌ಗೆ ಇವತ್ತು ಅದು ವೈದ್ಯರ ಕೋಣೆಯ ಹೊರಗಿನ ಬೆಂಚಿನ ಹಾಗಿತ್ತು. ಕತ್ತಲಾಗುವ ಮುಂಚೆ, ಹೋಬರ್ಟ್ ಬಿಲ್ಲು ಹಿಡಿದು ಕೆರೆಗೆ ಇಳಿಯುವ ಮುಂಚೆ, ಅವನಿಗೆ ಒಂದು ಮಾತು ಹೇಳಬೇಕು. ಹೋದ ವಾರವೇ ಹೇಳಬೇಕೆಂದಿದ್ದ. ಈಸ್ಟರ್ ಊಟದ ದಿನ ಹೇಳಬೇಕೆಂದಿದ್ದ. ನಿಜ ಹೇಳಬೇಕೆಂದರೆ ಆಸ್ಪತ್ರೆಯಲ್ಲೇ ಹೇಳಬೇಕಿತ್ತು, ಆದರೆ ಅಲ್ಲಿ ಹೇಳಿದ್ದು ಇನ್ನೊಂದು ಮಾತು.

ಹೋಬರ್ಟ್ ಲವೋನಳ ತಮ್ಮ. ಕಳೆದ ವರ್ಷ ಇದೇ ಸಂಜೆ ಮುದುಕ ಕ್ಲೆಟಸ್‌ನ ಕೆರೆಯ ದಂಡೆಯಲ್ಲಿ ಅವನ ಎಡಗಣ್ಣು ಹೋಯಿತು. ಬಿಟ್ಟ ಬಾಣ ಕಪ್ಪೆಗೆ ತಪ್ಪಿ ನೀರಂಜಿ ಮರದ ಬೇರಿಗೆ ಕಚ್ಚಿಕೊಂಡಿತ್ತು. ಬಾಣದ ಬಾಲಕ್ಕೆ ನೈಲಾನ್ ಹುರಿ ಕಟ್ಟಿರುತ್ತದೆ, ಹೊಡೆದ ಕಪ್ಪೆಯನ್ನು ದಂಡೆಗೆ ಎಳೆದುಕೊಳ್ಳಲು. ಹೋಬರ್ಟ್ ಆ ಹುರಿಯನ್ನು ಕೈಗೆ ಸುತ್ತಿಕೊಂಡು ಮುಖದ ನೇರಕ್ಕೆ ಜಗ್ಗಿದ. ಹುರಿ ಹಿಗ್ಗಿ ಹಿಗ್ಗಿ ನಿಂತಿತು, ಆಮೇಲೆ ಆ ತುದಿಯಲ್ಲಿ ಏನೋ ಬಿಟ್ಟುಕೊಂಡಿತು, ಬಾಣದ ಕಡ್ಡಿ ಹಿಂದುಮುಂದಾಗಿ ಹಾರಿಬಂದು ಕಣ್ಣಿಗೆ ಬಡಿಯಿತು. ಹುರಿಯನ್ನು ಪಕ್ಕಕ್ಕೆ ಸರಿದು ಎಳೆಯಬೇಕು, ಇಲ್ಲವೇ ಕೋಲಿಗೆ ಸುತ್ತಿ ಎಳೆಯಬೇಕು, ಇದು ಈ ಸೀಮೆಯ ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಆದ್ದರಿಂದ ತಪ್ಪು ಯಾರದೆಂದು ಯಾರೂ ಕೇಳಲಿಲ್ಲ. ಬಿಟ್ಟುಕೊಂಡಿದ್ದು ಏನು ಎಂದೂ ಯಾರೂ ಕೇಳಲಿಲ್ಲ.

ಕೇಳದಿದ್ದರೂ ಎಲ್ಡನ್‌ಗೆ ಗೊತ್ತಿತ್ತು. ಎಲ್ಲರೂ ಹೋಬರ್ಟ್‌ನನ್ನು ಟ್ರಕ್ಕಿಗೆ ಎತ್ತುತ್ತಿದ್ದಾಗ ಇವನು ಟಾರ್ಚು ತರುತ್ತೇನೆಂದು ಹಿಂದೆ ಉಳಿದಿದ್ದ, ಮೊಣಕಾಲು ಮಟ್ಟದ ನೀರಿಗೆ ಇಳಿದು ಬೇರಿನಿಂದ ಬಾಣದ ಮೊನೆಯ ಮೂರು ಮುಳ್ಳುಗಳನ್ನು ಕಿತ್ತಿದ್ದ. ಮುಳ್ಳುಗಳ ಬುಡದಲ್ಲಿ ತವರದ ಒಂದು ಗುಂಡು ಹಾಗೇ ಇತ್ತು, ನುಣ್ಣಗೆ, ತೋಟಾದ ಒಳಗಿನ ಆಕಾರವನ್ನೇ ಹೊತ್ತುಕೊಂಡು. ಹಿತ್ತಾಳೆಯ ಒಂದು ಚೂರೂ ಅದಕ್ಕೆ ಅಂಟಿರಲಿಲ್ಲ. ಬೆಸುಗೆ ಹಿಡಿದೇ ಇರಲಿಲ್ಲ. ಅದನ್ನು ಅಂಗೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದನೋ, ಆಚೆಯಿಂದ ಯಾರೋ ಅವನ ಹೆಸರು ಹಿಡಿದು ಕೂಗಿದಾಗ ಕೈ ತಾನಾಗಿ ಬೀಸಿ ಅದನ್ನು ಕೆರೆಯ ನಡುವಿಗೆ ಎಸೆದಿತ್ತು. ಕೈ ತಾನಾಗಿ ಎಂದು ಒಂದು ವರ್ಷ ತನಗೆ ತಾನೇ ಹೇಳಿಕೊಂಡಿದ್ದಾನೆ. ಕೈಗಳು ತಾವಾಗಿ ಹಾಗೆಲ್ಲ ಮಾಡುವುದಿಲ್ಲ ಎಂಬುದೂ ಅವನಿಗೆ ಗೊತ್ತು.

ಈ ಮೊನೆ ಮಾಡುವುದು ಅಂಥ ದೊಡ್ಡ ವಿದ್ಯೆಯಲ್ಲ. ಪಿಸ್ತೂಲಿನ ಖಾಲಿ ತೋಟಾ ಬಾಣದ ಕಡ್ಡಿಯ ತುದಿಗೆ ಅಳತೆ ಕೊಟ್ಟು ಮಾಡಿಸಿದ ಟೋಪಿಯ ಹಾಗೆ ಕೂರುತ್ತದೆ. ಅದರ ತಲೆಗೆ ತೂತು ಕೊರೆದು, ಸೈಕಲ್ ಚಕ್ರದ ಮೂರು ಕಡ್ಡಿಗಳನ್ನು ಅರದಿಂದ ಮಸೆದು, ತುದಿಯಲ್ಲಿ ಸಣ್ಣ ಕೊಕ್ಕೆಯಷ್ಟು ಮುಳ್ಳು ತೆಗೆದು, ಬುಡವನ್ನು ಕೊಂಚ ಬಗ್ಗಿಸಿ ಒಳಗಿಳಿಸಿ, ಮೇಲೆ ತವರ ಕರಗಿಸಿ ಹೊಯ್ಯುವುದು. ಅಂಗಡಿಯ ಮೊನೆ ಕಪ್ಪೆಯನ್ನು ಸೀಳುತ್ತದೆ, ಇದು ಹಿಡಿಯುತ್ತದೆ. ಗುಟ್ಟೆಲ್ಲ ಇರುವುದು ಉಜ್ಜುವುದರಲ್ಲಿ. ಸಿಡಿದ ಮದ್ದಿನ ಮಸಿ ಒಳಗೆ ಒಂದಿಷ್ಟು ಉಳಿದರೂ ತವರ ಹಿತ್ತಾಳೆಗೆ ಅಂಟುವುದಿಲ್ಲ. ಅಂಟಿದಂತೆ ಕಾಣುತ್ತದೆ, ಅದೇ ಕಷ್ಟ. ಮರಳು ಕಾಗದದಿಂದ ಉಜ್ಜಿ, ಆಮೇಲೆ ಆಸಿಡ್ ಸವರಬೇಕು. ಕಳೆದ ವರ್ಷ ಆರು ಮೊನೆ ಮಾಡುವುದಿತ್ತು. ನಾಲ್ಕು ಮೊನೆ ಮುಗಿಯುವ ಹೊತ್ತಿಗೆ ಆಸಿಡ್ ಬಾಟಲಿ ತಳ ಕಂಡಿತು. ಉಳಿದ ಎರಡು ಹನಿಯನ್ನು ಐದನೆಯದಕ್ಕೂ ಆರನೆಯದಕ್ಕೂ ಹಂಚಬಹುದಿತ್ತು, ಪೇಟೆಗೆ ಹೋಗಿ ತರಬಹುದಿತ್ತು. ಸೆಕೆಯಿತ್ತು, ರೇಡಿಯೋದಲ್ಲಿ ಬೇಸ್‌ಬಾಲ್ ಆಟದ ಕೊನೆಯ ಸುತ್ತು ನಡೆಯುತ್ತಿತ್ತು. ಎರಡೂ ಹನಿಯನ್ನು ಆರನೆಯದಕ್ಕೆ ಹಾಕಿದ, ಯಾಕೆಂದರೆ ಆರನೆಯದು ತನ್ನದು. ಐದನೆಯದಕ್ಕೆ ಉಜ್ಜುವುದನ್ನೂ ಬಿಟ್ಟು ಸುಮ್ಮನೆ ಹೊಯ್ದ. ತಿರುಗಿಸಿ ನೋಡಿದರೆ ಎಲ್ಲಕ್ಕಿಂತ ಅದೇ ಚೆನ್ನಾಗಿ ಹೊಳೆಯುತ್ತಿತ್ತು. ಇದು ಹೋಬರ್ಟ್‌ಗೆ ಎಂದುಕೊಂಡ. ಅವನು ಹೇಗೂ ಕಪ್ಪೆಗೆ ಹೊಡೆಯುವುದಿಲ್ಲ, ಹೇಗೂ ಕೆಸರಿನಲ್ಲಿ ಕಳೆಯುತ್ತಾನೆ.

ಅದನ್ನು ಅಂದುಕೊಂಡಾಗ ತಾನು ಸಣ್ಣಗೆ ನಕ್ಕಿದ್ದೂ ಅವನಿಗೆ ನೆನಪಿದೆ. ಎಲ್ಲವನ್ನೂ ಹೇಗೋ ನುಂಗಿಕೊಳ್ಳಬಹುದು, ಈ ನಗು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ.

ಹೊರಗೆ ಟ್ರಕ್ಕು ನಿಂತ ಸದ್ದಾಯಿತು. ಎಲ್ಡನ್ ಎದ್ದು ಮೂಲೆಯಲ್ಲಿದ್ದ ಹಾಲಿನ ಬಕೆಟ್ಟನ್ನು ಮಗುಚಿ ಮೇಜಿನ ಬಲಗಡೆಗೆ ಇಟ್ಟ. ಅಲ್ಲಿ ಕೂತರೆ ಹೋಬರ್ಟ್‌ನ ಎಡಮಗ್ಗುಲು ಇವನ ಕಡೆಗಿರುತ್ತದೆ. ಇಟ್ಟ ಮೇಲೆ ತಾನು ಮಾಡಿದ್ದೇನೆಂದು ತಿಳಿದು ಕಿವಿಯವರೆಗೂ ಬಿಸಿಯಾಯಿತು, ಆದರೆ ತೆಗೆಯುವ ಹೊತ್ತಿಗೆ ಹೋಬರ್ಟ್ ಬಾಗಿಲಲ್ಲಿದ್ದ. ದೊಡ್ಡ ಆಳು, ಅಗಲ ಮುಖ. ಒಳಗೆ ಬರುವಾಗ ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಾಗಿಲ ಚೌಕಟ್ಟನ್ನು ಒಮ್ಮೆ ನೋಡಿಕೊಂಡು ಬಂದ. ಈ ಒಂದು ವರ್ಷದಲ್ಲಿ ಕಲಿತದ್ದು ಅದು. ಗಾಜಿನ ಕಣ್ಣು ಹಾಕಿಸಿದ್ದರು, ನೀಲಿ ಒಂದಿಷ್ಟು ಹೆಚ್ಚೇ ಆಗಿತ್ತು.

'ಏನ್ ಮಾರಾಯ, ನನ್ನ ಕುರುಡು ಕಡೆ ಕೂರಿಸ್ತೀಯಾ? ನೋಡೋಕೆ ಬಂದಿದೀನಿ ನಾನು,' ಎಂದು ನಗುತ್ತಾ ಬಕೆಟ್ಟನ್ನು ಕಾಲಿನಿಂದಲೇ ಈಚೆ ತಳ್ಳಿಕೊಂಡು ಎಡಗಡೆ ಕೂತ.

'ನೋಡೋಕೇನಿದೆ ಇದರಲ್ಲಿ.'

'ಬೇರೆ ಏನಿದೆ ನೋಡೋಕೆ? ಶಾಲೆಗೂ ರಜೆ.' ಮೊಣಕಾಲಿನ ಮೇಲೆ ಮೊಣಕೈ ಊರಿ ಬಗ್ಗಿದ. 'ವೆಂಡಲ್ ಈ ಸಲ ಬೇಟೆಗೆ ಅಂಗಡಿ ಮೊನೆ ತಂದನಂತೆ. ನಿನಗೂ ಒಂದು ತರಲಾ ಅಂದ. ನಾನಂದೆ, ಇರೋದು ಒಂದೇ ಕಣ್ಣು, ಇದನ್ನೇನಿದ್ರೂ ಎಲ್ಡನ್ ಕೈಗೆ ಕೊಡ್ತೀನಿ, ಕಾರ್ಖಾನೆ ಕೈಗಲ್ಲ ಅಂತ.'

ಎಲ್ಡನ್ ಕೈಯಲ್ಲಿದ್ದ ಅರ ಸದ್ದು ಮಾಡಿ ಮೇಜಿನ ಕೆಳಗೆ ಬಿತ್ತು. ಅದನ್ನು ಹುಡುಕುವ ನೆಪದಲ್ಲಿ ಬಗ್ಗಿ ಅಲ್ಲೇ ಕೊಂಚ ಹೊತ್ತು ಇದ್ದ. ಮೇಜಿನ ಕೆಳಗಿನಿಂದ ಹೋಬರ್ಟ್‌ನ ಬೂಟುಗಳು ಕಾಣುತ್ತಿದ್ದವು, ಬಸ್ಸಿನ ಪೆಡಲುಗಳ ಮೇಲೆ ಸವೆದ ಅದೇ ಬೂಟುಗಳು. ಇಪ್ಪತ್ತೆರಡು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದ ಮನುಷ್ಯ. ಒಂದು ಕಣ್ಣಿನವನ ಕೈಗೆ ಮಕ್ಕಳನ್ನು ಕೊಡುವುದಿಲ್ಲ ಎಂದರು. ಅದರಲ್ಲಿ ತಪ್ಪೂ ಇಲ್ಲ. ಈಗ ಅದೇ ಶಾಲೆಯ ಅಡುಗೆಮನೆಯಲ್ಲಿ ಹಾಲಿನ ಕ್ರೇಟು ಹೊರುತ್ತಾನೆ. ಬೆಳಿಗ್ಗೆ ಏಳಕ್ಕೆ ಅವನು ಮನೆಯ ಮುಂದಿನ ದಾರಿಯಲ್ಲಿ ನಿಂತು ಬಸ್ಸು ಹೋಗುವುದನ್ನು ನೋಡುತ್ತಾನೆ ಎಂದು ಲವೋನ್ ಒಂದು ದಿನ ಊಟದ ನಡುವೆ ಹೇಳಿ, ಆಮೇಲೆ ತಟ್ಟೆ ಸರಿಸಿ ಎದ್ದುಹೋಗಿದ್ದಳು. ಎಲ್ಡನ್ ತನ್ನ ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದಿದ್ದ. ತಿನ್ನದೆ ಬಿಟ್ಟರೆ ಅವಳಿಗೆ ತಿಳಿದುಬಿಡುತ್ತದೆ ಎಂದು ಹೆದರಿ ತಿಂದಿದ್ದ.

ಈಗ ಹೇಳಿಬಿಡಬೇಕು. ಶೆಡ್ಡಿನಲ್ಲಿ ಇಬ್ಬರೇ ಇದ್ದಾರೆ, ಕೈಗೆ ಕೆಲಸವಿದೆ, ಕಣ್ಣು ಕಣ್ಣು ಸೇರಿಸಬೇಕಾಗಿಲ್ಲ. 'ಹೋಬರ್ಟ್, ಹೋದ ವರ್ಷ,' ಎಂದ.

'ಹೋದ ವರ್ಷದ್ದು ಬಿಡಪ್ಪ,' ಎಂದ ಹೋಬರ್ಟ್, ಇವನನ್ನೇ ಸಮಾಧಾನ ಮಾಡುವವನ ಹಾಗೆ. 'ನೀನು ಅದನ್ನ ಮನಸ್ಸಲ್ಲಿ ಇಟ್ಕೊಂಡು ಕೊರಗ್ತೀಯ ಅಂತ ಅಕ್ಕ ಹೇಳಿದ್ಲು. ನಿನ್ನೆದುರಿಗೇ ಆಯ್ತು, ತಡೆಯೋಕೆ ಆಗಲಿಲ್ಲ ಅಂತ ಕೊರಗು ನಿನಗೆ. ಹುಚ್ಚ. ಜಗ್ಗಿದೋನು ನಾನು. ನಾಲ್ಕು ಜನ ನಕ್ಕರು, ನಗಲಿ. ಎಂಟು ವರ್ಷದ ಹುಡುಗೀನೂ ಹಾಲು ಕೇಳುವಾಗ "ಜಗ್ಗು ಅಂಕಲ್" ಅಂತಾಳೆ. ನನಗೇನೂ ಬೇಜಾರಿಲ್ಲ.' ಆಮೇಲೆ, 'ಮೊದಮೊದಲು ಇತ್ತು,' ಎಂದ.

ಜಗ್ಗು. ಆ ಹೆಸರು ಹುಟ್ಟಿದ್ದು ಎಲ್ಲಿ ಎಂಬುದು ಊರಿಗೆ ಮರೆತಿದೆ, ಹುಟ್ಟಿಸಿದವನಿಗೆ ಮರೆತಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಲವೋನ್ ಅಂಗಿ ಹಿಡಿದು ಅಲ್ಲಾಡಿಸಿ ಹೇಗಾಯಿತು ಹೇಗಾಯಿತು ಎಂದು ಕೇಳಿದಾಗ ಎಲ್ಡನ್ 'ಜಗ್ಗಿದ, ಮುಖದ ನೇರಕ್ಕೆ ಹಿಡಿದು ಜಗ್ಗಿದ,' ಎಂದಿದ್ದ. ಅದರಲ್ಲಿ ಸುಳ್ಳಿರಲಿಲ್ಲ. ಮೂರನೆಯ ದಿನ ಮೇವಿನ ಅಂಗಡಿಯಲ್ಲಿ ಗಂಡಸರು ಸುತ್ತುವರಿದು ಕೇಳಿದಾಗ ಅದನ್ನೇ ಹೇಳಿದ, ಕೇಳುವವರು ಬಿಟ್ಟುಕೊಂಡಿದ್ದು ಏನು ಎಂಬಲ್ಲಿಗೆ ಬರುವ ಮುಂಚೆ ಕಾಲೂರಿ ನಿಂತು, ಹುರಿ ಸುತ್ತುವ ಹಾಗೆ ಕೈ ಸುತ್ತಿ, ಮೂಗಿನವರೆಗೆ ಎಳೆದು, ಹಿಂದಕ್ಕೆ ಬಿದ್ದು ತೋರಿಸಿದ. ಯಾರೋ ತಡೆಯಲಾರದೆ ಕಿಸಕ್ಕೆಂದರು. ಆ ಸದ್ದು ಕಿವಿಗೆ ಬಿದ್ದಾಗ ಎಲ್ಡನ್‌ಗೆ ಆದ ನಿರಾಳ ಎಂಥದ್ದೆಂದರೆ, ಬಿದ್ದಲ್ಲಿಂದಲೇ 'ಇನ್ನು ಮೇಲೆ ಅವನ ಹೆಸರು ಜಗ್ಗು' ಎಂದುಬಿಟ್ಟ. ನಗು ಬಂದ ಕಡೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಅಂದಿನಿಂದ ಈ ಆಟವನ್ನು ಎಷ್ಟು ಕಡೆ ಆಡಿ ತೋರಿಸಿದನೋ. ಕೊಯ್ಲಿನ ಊಟದಲ್ಲಿ, ಇಗರ್ಜಿಯ ಅಂಗಳದಲ್ಲಿ, ಒಮ್ಮೆ ಹೋಬರ್ಟ್‌ನ ಎದುರಿಗೇ, ಅವನೇ ಕೇಳಿ ಆಡಿಸಿದ. ಎಲ್ಲರಿಗಿಂತ ಗಟ್ಟಿಯಾಗಿ ಅವನೇ ನಕ್ಕ. ನಕ್ಕು ಬಲಗಣ್ಣು ಒರೆಸಿಕೊಂಡ.

ಲವೋನ್ ಐಸು ಹಾಕಿದ ಚಹಾ ತಂದಿಟ್ಟಳು, ಜೊತೆಗೆ ಮೆಕ್ಕೆಜೋಳದ ರೊಟ್ಟಿಯ ಎರಡು ಬಿಸಿ ತುಂಡು. ತಮ್ಮನ ತಲೆಯ ಮೇಲೆ ಕೈಯಿಟ್ಟು, 'ಇವತ್ತು ಒಂದಾದ್ರೂ ಹೊಡೀತೀಯೇನೋ? ಜೋಳದ ಹಿಟ್ಟು ಜರಡಿ ಹಿಡಿದು ಇಟ್ಟಿದೀನಿ. ಖಾಲಿ ಕೈಲಿ ಬಂದ್ರೆ ಹಿಟ್ಟನ್ನೇ ಕರಿದು ಬಡಿಸ್ತೀನಿ,' ಎಂದಳು.

'ಹೊಡೀತೀನಿ ಕಣೆ ಅಕ್ಕ. ಎಲ್ರೂ ಗುರಿ ನೋಡೋಕೆ ಒಂದು ಕಣ್ಣು ಮುಚ್ಚಬೇಕು, ನನಗೆ ಆ ಕಷ್ಟಾನೂ ಇಲ್ಲ.'

ಅವಳು ನಗುವುದಕ್ಕೆ ಹೋಗಿ ನಗಲಾರದೆ ತಟ್ಟೆ ಎತ್ತಿಕೊಂಡು ಹೊರಟಳು. ಹೋಗುವಾಗ ಗಂಡನ ಕಡೆ ಒಂದು ನೋಟ ನೋಡಿದಳು, ನೀನಿದ್ದೀಯಲ್ಲ, ಇವನನ್ನು ನೋಡಿಕೋ ಎಂಬಂತೆ. ಎಲ್ಡನ್ ಕಾವೇರಿದ ಕಬ್ಬಿಣ ಕೈಗೆತ್ತಿಕೊಂಡು ತವರ ಮುಟ್ಟಿಸಿದ. ತವರ ಕರಗಿ ಮುಳ್ಳುಗಳ ಬುಡಕ್ಕೆ ಇಳಿದು ಹಿತ್ತಾಳೆಯ ಅಂಚಿನವರೆಗೆ ತೆಳ್ಳಗೆ ಹರಡಿತು. ಹಿಡಿದಾಗ ಹೀಗೆ ಹರಡುತ್ತದೆ. ಹಿಡಿಯದಿದ್ದರೆ ಗುಂಡಾಗಿ ಕೂರುತ್ತದೆ, ಹೆಚ್ಚು ಹೊಳೆಯುತ್ತದೆ.

'ಎಷ್ಟು ಚೆನ್ನಾಗಿ ಇಳೀತು,' ಎಂದ ಹೋಬರ್ಟ್. ನಿಜವಾದ ಮೆಚ್ಚುಗೆ. 'ನನಗೆ ಈ ಜನ್ಮದಲ್ಲಿ ಬರಲ್ಲ ಇದು.'

ಹೇಳು ಎಂದಿತು ಒಳಗಿನದು. ಎಲ್ಡನ್ ಮೊನೆಯನ್ನು ಇಕ್ಕಳದಲ್ಲಿ ಹಿಡಿದು ಜಗ್ಗಿ ನೋಡಿದ, ತಿರುಚಿ ನೋಡಿದ, ಬಡಿಗಲ್ಲಿಗೆ ಕುಟ್ಟಿ ನೋಡಿದ. ಹೋಬರ್ಟ್ ಹುಬ್ಬೇರಿಸಿದ. 'ಸಾಕು ಮಾರಾಯ, ಕಪ್ಪೆಗೆ, ಆನೆಗಲ್ಲ.' ಮಧ್ಯಾಹ್ನ ಹಾಗೆಯೇ ಕಳೆಯಿತು. ಹೋಬರ್ಟ್ ಒಂದಿಷ್ಟು ತೂಕಡಿಸಿದ, ಎದ್ದು ಕೋಳಿಗಳನ್ನು ಮಾತಾಡಿಸಿದ, ಬಿಲ್ಲಿನ ಹೆದೆಗೆ ಮೇಣ ಹಚ್ಚಿದ. ಎಲ್ಡನ್ ಏಳು ಸಲ ಬಾಯಿ ತೆರೆದ. ಒಂದು ಸಲ ಬಾಯಾರಿಕೆ ಎಂದ, ಒಂದು ಸಲ ಸೆಕೆ ಎಂದ, ಉಳಿದ ಐದು ಸಲ ಮುಚ್ಚಿಕೊಂಡ. ಇಷ್ಟಕ್ಕೂ ಹೇಳಿ ಏನು ಉಪಯೋಗ, ಕಣ್ಣು ಬರುತ್ತದೆಯೇ, ಬಸ್ಸು ಬರುತ್ತದೆಯೇ, ಅವನಾಗಲೇ ನಗುವುದನ್ನು ಕಲಿತಿದ್ದಾನೆ, ಅದನ್ನೂ ಕಿತ್ತುಕೊಳ್ಳುವುದೇ ಎಂದು ತನ್ನೊಳಗೆ ವಕೀಲಿ ಮಾಡಿದ. ಮಾತುಗಳು ಚೆನ್ನಾಗಿದ್ದವು. ಒಂದೂ ಅಂಟಲಿಲ್ಲ.

ಏಳೂವರೆಗೆ ಕ್ಲೆಟಸ್‌ನ ಕೆರೆಯ ಹತ್ತಿರ ಬಂದಾಗ ವೆಂಡಲ್ ಮತ್ತು ಅವನ ಅಣ್ಣ ಆಗಲೇ ಬಂದು ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದರು. ಎಂಬತ್ತು ದಾಟಿದ ಕ್ಲೆಟಸ್ ತನ್ನ ಟ್ರಕ್ಕಿನ ಹಿಂಬಾಗಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ, ಒಂದು ಕೈಯಲ್ಲಿ ಜೇಬುಗಡಿಯಾರ, ಇನ್ನೊಂದರಲ್ಲಿ ಕ್ಯಾಲೆಂಡರಿನಿಂದ ಹರಿದ ಹಾಳೆ. ಅದರಲ್ಲಿ ಬರೆದ ನಿಮಿಷಕ್ಕೆ ಸರಿಯಾಗಿ ಅವನು ಕೈ ಎತ್ತಿದರೆ ಬೇಟೆ ಶುರು. ಕೆರೆಯ ಆಚೆ ಜೊಂಡಿನಿಂದ ಒಂದು ಗಂಡುಕಪ್ಪೆ ಆಗಲೇ ಹೊಟ್ಟೆಯಿಂದ ಗುಟುರು ಹಾಕುತ್ತಿತ್ತು.

'ಬಂದನಪ್ಪ ಜಗ್ಗು!' ಎಂದ ಕ್ಲೆಟಸ್. 'ಎಲ್ರೂ ಒಂದ್ಹೆಜ್ಜೆ ಹಿಂದೆ ಸರೀರಿ, ಇವನ ಹುರಿ ಯಾವ ಕಡೆ ಬರುತ್ತೋ ಹೇಳೋಕಾಗಲ್ಲ.'

'ನಿನ್ನ ಮೇಲೇ ಬರ್ಲಿ ಅಜ್ಜ. ನಿನಗೆ ಇನ್ನು ಕಣ್ಣಿಟ್ಕೊಂಡು ಆಗಬೇಕಾದ್ದೇನಿದೆ?' ಎಂದ ಹೋಬರ್ಟ್. ನಗು ಹುಲ್ಲಿನ ಮೇಲೆ ಉರುಳಿತು. ಎಲ್ಡನ್ ಹೋಬರ್ಟ್‌ನ ಮುಖ ನೋಡಿದ. ನಗುವ ಬಾಯಿ ಒಂದು ಕಡೆ, ನಗದ ಕಣ್ಣು ಒಂದು ಕಡೆ. ಅದು ಗಾಜಿನದೋ ನಿಜದ್ದೋ ಆ ಇಳಿಬಿಸಿಲಿನಲ್ಲಿ ತಿಳಿಯಲಿಲ್ಲ.

ಕಾಯುವವರಿಗೆ ಏನಾದರೂ ಬೇಕಲ್ಲ. ಎಂಟು ದಾಟಿದ ಮೇಲೆ ವೆಂಡಲ್ ಎದ್ದು ಕೂತು, 'ಎಲ್ಡನ್, ವರ್ಷ ತುಂಬಿತು ಇವತ್ತಿಗೆ. ತೋರ್ಸೋ ಒಂದ್ಸಲ. ಬೇರೆ ಯಾರು ಮಾಡಿದ್ರೂ ನಿನ್ನ ಹಾಗೆ ಬರಲ್ಲ,' ಎಂದ.

'ಬೇಡ ಬಿಡು.'

'ಮಾಡೋ,' ಎಂದ ಹೋಬರ್ಟೇ. 'ಹೊತ್ತು ಹೋಗ್ಲಿ.'

ಎಲ್ಡನ್ ಎದ್ದ. ಏಳಬಾರದೆಂದುಕೊಳ್ಳುತ್ತಲೇ ಎದ್ದ. ಕಾಲುಗಳು ತಮ್ಮ ಜಾಗ ತಾವೇ ಹುಡುಕಿ ಊರಿಕೊಂಡವು, ಎಡಗೈ ಗಾಳಿಯಲ್ಲಿ ಹುರಿ ಹಿಡಿಯಿತು, ಬಲಗೈ ಅದನ್ನು ಸುತ್ತಿತು, ಒಂದು ಸುತ್ತು, ಎರಡು ಸುತ್ತು. ವೆಂಡಲ್‌ನ ಅಣ್ಣ ಆಗಲೇ ಹೊಟ್ಟೆ ಹಿಡಿದುಕೊಂಡಿದ್ದ. ಎಲ್ಡನ್ ಜಗ್ಗಿದ. ಮುಷ್ಟಿ ಮೂಗಿನ ಹತ್ತಿರ ಬಂತು. ಇನ್ನು ಬೀಳಬೇಕು. ಅಲ್ಲಿ, ಮುಷ್ಟಿ ಮೂಗಿನ ಎದುರಿಗೆ ನಿಂತಲ್ಲಿ, ಇಡೀ ದಿನ ಶೆಡ್ಡಿನಲ್ಲಿ ಬಾರದ ಮಾತು ತಾನಾಗಿ ಬಂತು.

'ಬೆಸುಗೆ ಹಿಡಿದಿರಲಿಲ್ಲ.'

ಕ್ಲೆಟಸ್ ತೊಡೆ ತಟ್ಟಿಕೊಂಡ. 'ಹೊಸದು! ಇದು ಹೊಸದು ಸೇರಿಸಿದಾನೆ!'

'ಇಲ್ಲ. ನಿಜವಾಗಿ. ನಾನು ಉಜ್ಜಿರಲಿಲ್ಲ.' ಅವನ ಧ್ವನಿ ನೆಟ್ಟಗಿತ್ತು, ಮುಖ ಬಿಗಿದಿತ್ತು, ಈ ಆಟವನ್ನು ಅವನು ಯಾವಾಗಲೂ ಆಡುತ್ತಿದ್ದದ್ದು ಹಾಗೆಯೇ. ಅವರು ಇನ್ನೂ ನಕ್ಕರು. ವೆಂಡಲ್ ಹುಲ್ಲಿನ ಮೇಲೆ ಮಗ್ಗುಲಾದ. ಎಲ್ಡನ್ ಆ ಮುಷ್ಟಿಯನ್ನು ಹಾಗೇ ಹಿಡಿದು ನಿಂತಿದ್ದ. ಇಷ್ಟು ನಾಚಿಕೆ ಅವನಿಗೆ ಜೀವಮಾನದಲ್ಲಿ ಆಗಿರಲಿಲ್ಲ: ಕೊನೆಗೂ ನಿಜ ಹೇಳಿದರೆ ಅದಕ್ಕೂ ನಗುತ್ತಾರೆ, ನಗಲು ಕಲಿಸಿದವನು ತಾನೇ. ಆಮೇಲೆ ಕ್ಲೆಟಸ್ ಹೋಬರ್ಟ್‌ನ ಕಡೆ ನೋಡಿ ನಗು ನಿಲ್ಲಿಸಿದ. ಅವನನ್ನು ನೋಡಿ ಉಳಿದವರು ನಿಲ್ಲಿಸಿದರು.

'ಯಾವ ಬೆಸುಗೆ?' ಎಂದ ಹೋಬರ್ಟ್.

'ನಿನ್ನ ಮೊನೇದು. ಆಸಿಡ್ ಮುಗಿದಿತ್ತು. ಸುಮ್ಮನೆ ಮೇಲಿಂದ ಹೊಯ್ದೆ. ಅದು ಕಿತ್ಕೊಂಡು ಬಂದದ್ದಕ್ಕೇ ಬಾಣ ಹಾರಿದ್ದು.'

'ಕೊಡುವಾಗ ಗೊತ್ತಿತ್ತಾ ನಿನಗೆ?'

ಇಲ್ಲ ಎನ್ನಬಹುದಿತ್ತು. ಆಮೇಲೆ ಗೊತ್ತಾಯಿತು ಎನ್ನಬಹುದಿತ್ತು. ಅಷ್ಟು ಒಂದು ಮಾತಿಗೆ ಹೋಬರ್ಟ್ ಇವನನ್ನು ಕ್ಷಮಿಸಿ, ಬೆನ್ನು ತಟ್ಟಿ, ಮುಂದಿನ ವರ್ಷವೂ ಬಕೆಟ್ಟಿನ ಮೇಲೆ ಬಂದು ಕೂರುತ್ತಿದ್ದ. 'ಗೊತ್ತಿತ್ತು,' ಎಂದ.

'ಆರು ಮೊನೇಲಿ ಅದು ನನಗೇ ಯಾಕೆ ಬಂತು?'

'ನೀನು ಹೇಗೂ ಕೆಸರಲ್ಲಿ ಕಳೀತೀಯ ಅಂತ.'

ಜೊಂಡಿನ ಗಂಡು ಮತ್ತೊಮ್ಮೆ ಗುಟುರು ಹಾಕಿತು. ಹೋಬರ್ಟ್ ತನ್ನ ದೊಡ್ಡ ಕೈಗಳನ್ನು ನೋಡಿಕೊಳ್ಳುತ್ತಿದ್ದ. 'ನಾನೂ ನಕ್ಕೆನಲ್ಲೋ,' ಎಂದ, ಯಾರಿಗೋ ಎಂಬಂತೆ. 'ಇಡೀ ವರ್ಷ ನಿಮ್ಮ ಜೊತೆ ಸೇರಿ ನಕ್ಕೆ. ನನ್ನ ಪೆದ್ದುತನಕ್ಕೆ ತಾನೇ ಅಂತ.'

ಕ್ಲೆಟಸ್‌ಗೆ ತಡೆಯಲಾಗಲಿಲ್ಲ. 'ಹೋಗ್ಲಿ ಬಿಡ್ರಪ್ಪ, ಆದದ್ದಾಯ್ತು,' ಎಂದ. 'ಮೊನೆ ಹೇಗಾದ್ರೂ ಇರ್ಲಿ, ಹುರೀನ ಹಾಗೆ ಮುಖದ ನೇರಕ್ಕೆ ಹಿಡಿದು ಯಾರಾದ್ರೂ ಜಗ್ತಾರಾ? ಅದಂತೂ ಇವನದೇ ತಪ್ಪು.'

ಹೋಬರ್ಟ್ ಎದ್ದ. ಟ್ರಕ್ಕಿಗೆ ಒರಗಿಸಿದ್ದ ಬಿಲ್ಲು ತೆಗೆದುಕೊಂಡ, ಇವತ್ತು ಮಾಡಿದ ಮೊನೆಯ ಬಾಣ ಹೂಡಿದ. ಕ್ಲೆಟಸ್, 'ಇನ್ನೂ ಆರು ನಿಮಿಷ ಇದೆ ಕಣೋ!' ಎಂದು ಕೂಗಿದ. 'ಮರದ ದಿಮ್ಮಿಗೆ ಹೊಡೆದರೆ ದಂಡ ಇಲ್ಲ,' ಎಂದು ಹೋಬರ್ಟ್ ಹದಿನೈದು ಹೆಜ್ಜೆ ಆಚೆ ನೀರಿನ ಅಂಚಿನಲ್ಲಿದ್ದ ದಿಮ್ಮಿಗೆ ಬಿಟ್ಟ. ಮೊನೆ ಮುಳ್ಳುಗಳವರೆಗೂ ಹೂತುಕೊಂಡಿತು. ಅವನು ಬಿಲ್ಲಿನಿಂದ ಹುರಿ ಬಿಚ್ಚಿ, ಎಲ್ಡನ್‌ನ ಹತ್ತಿರ ಬಂದು, ಅವನ ಬಲಗೈ ಎತ್ತಿ, ಮುಷ್ಟಿಯ ಸುತ್ತ ಸುತ್ತಿದ. ಒಂದು ಸುತ್ತು, ಎರಡು ಸುತ್ತು. ಒರಟಾಗಿ ಅಲ್ಲ, ಮಗುವಿನ ಶೂ ಲೇಸು ಕಟ್ಟುವವನ ಹಾಗೆ ನಿಧಾನವಾಗಿ ಸುತ್ತಿದ. ಆಮೇಲೆ ಅವನ ಭುಜ ಹಿಡಿದು ದಿಮ್ಮಿಯ ನೇರಕ್ಕೆ ತಿರುಗಿಸಿ ನಿಲ್ಲಿಸಿದ.

'ಜಗ್ಗು,' ಎಂದ.

ಎಲ್ಡನ್ ಹುರಿಯ ಉದ್ದಕ್ಕೂ ನೋಡಿದ. ಆ ತುದಿಯಲ್ಲಿ ಬಾಣದ ಬಾಲ ಒಂದು ಚುಕ್ಕೆಯಾಗಿ ಅವನ ಕಣ್ಣನ್ನೇ ನೋಡುತ್ತಿತ್ತು. ಇದು ಹಿಡಿದ ಬೆಸುಗೆ. ನಾಲ್ಕು ಸಲ ಉಜ್ಜಿದ್ದು, ಆಸಿಡ್ ಸವರಿದ್ದು, ತವರ ತೆಳ್ಳಗೆ ಹರಡಿದ್ದನ್ನು ಕಣ್ಣಾರೆ ಕಂಡದ್ದು, ಇಕ್ಕಳದಲ್ಲಿ ತಿರುಚಿದ್ದು. ಈ ಜಿಲ್ಲೆಯಲ್ಲಿ ಇದಕ್ಕಿಂತ ಗಟ್ಟಿಯಾದ ಮೊನೆ ಇಲ್ಲ. ಹೋಬರ್ಟ್ ಎದುರಿಗೇ ಕೂತು ನೋಡಿದ್ದಾನೆ. ಎಲ್ಡನ್ ಉಸಿರು ಕಟ್ಟಿ ಜಗ್ಗಿದ. ಹುರಿ ಹಿಗ್ಗಿತು, ಬೆರಳುಗಳಿಗೆ ಕಚ್ಚಿತು, ಮುಷ್ಟಿ ಎದೆಯಿಂದ ಗದ್ದಕ್ಕೆ, ಗದ್ದದಿಂದ ಮೂಗಿಗೆ ಬಂತು. ಅಲ್ಲಿ ಅವನ ಮುಖ ಪಕ್ಕಕ್ಕೆ ಹೊರಳಿತು. ಕಣ್ಣು ಬಿಗಿದು ಮುಚ್ಚಿಕೊಂಡು, ಗದ್ದವನ್ನು ಭುಜ ಮುಟ್ಟುವಷ್ಟು ತಿರುಗಿಸಿಕೊಂಡು, ಹಲ್ಲು ಕಚ್ಚಿ ನಿಂತುಬಿಟ್ಟ. ಆ ತುದಿಯಲ್ಲಿ ಏನೂ ಬಿಟ್ಟುಕೊಳ್ಳಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಹೋಬರ್ಟ್‌ನ ಮಾತು ಕೇಳಿಸಿತು. ಕೋಪವಿರಲಿಲ್ಲ ಅದರಲ್ಲಿ. ಕ್ಲೆಟಸ್‌ಗೆ, ಎಲ್ಲರಿಗೂ, ತನಗೂ ಈಗಷ್ಟೇ ತಿಳಿದದ್ದನ್ನು ಹೇಳುವವನ ಹಾಗೆ ಹೇಳಿದ.

'ನಾನು ಮುಖ ತಿರುಗಿಸಿರಲಿಲ್ಲ. ನೀನು ಮಾಡಿದ ಮೊನೆ ಅಂತ ತಿರುಗಿಸಿರಲಿಲ್ಲ, ಎಲ್ಡನ್.'

ಕ್ಲೆಟಸ್ ಗಡಿಯಾರ ನೋಡಿ ಹೊತ್ತಾಯಿತು ಎಂದು ಮೆಲ್ಲಗೆ ಹೇಳಿದ. ಯಾರೂ ನೀರಿನ ಕಡೆಗೆ ಹೊರಡಲಿಲ್ಲ. ಎಲ್ಡನ್ ಬಿಗಿದ ಹುರಿಯನ್ನು ಹಿಡಿದೇ ನಿಂತಿದ್ದ. ತಿರುಗಿಸಿಕೊಂಡ ಮುಖವನ್ನು ಮತ್ತೆ ಈ ಕಡೆ ತರುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.